ಫ್ಯಾನಿಲ್ಲದ ವಠಾರ

ಬಳ್ಳಾರಿಯಿಂದ ಅತ್ತೆ ಬೇಸಿಗೆ ರಜೆಗೆ ಬಂದಿಳಿದರೆ, ನಡುಮನೆಯಲ್ಲಿ ಕಾಲು ಚಾಚಿ ಕೂತು, ತಲೆಯೆತ್ತಿ ಸೂರು ನೋಡಿ, "ಇನ್ನೂ ಫ್ಯಾನ್ ಹಾಕ್ಸಿಲ್ಲೇನೋ ನೀನು?" ಎಂದು ಅಪ್ಪನನ್ನು ಕೇಳದೆ ಕಾಫಿ ಲೋಟ ಮುಟ್ಟುತ್ತಿರಲಿಲ್ಲ. "ಹಾಕಿಸಿ ಏನು ಮಾಡ್ಲಿ ಅಕ್ಕಾ?" ಅನ್ನುತ್ತಿದ್ದರು ಅಪ್ಪ. ಎಪ್ಪತ್ತರ ದಶಕದಲ್ಲಿ, ಬೆಂಗಳೂರಿನ ಗವಿಪುರದಲ್ಲಿ, ನಮ್ಮ ವಠಾರದ ಒಂದು ಮನೆಯಲ್ಲೂ ಫ್ಯಾನ್ ಇರಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ ಅನ್ನುವುದೂ ನಿಜವೇ, ಆದರೆ ಬೇಕು ಅಂತ ಯಾರಿಗೂ ಅನಿಸಿರಲಿಲ್ಲ. ಹೆಂಚಿನ ಸೂರಿನ ತೊಲೆಗಳಿಗೆ ಕೊಕ್ಕೆಯನ್ನೂ ಬಡಿದಿರಲಿಲ್ಲ. ಹಾಗೆ ಕೇಳಿದ ಅತ್ತೆಯೇ ನಡುರಾತ್ರಿ ಎದ್ದು, "ಒಂದು ರಗ್ಗು ಇದ್ರೆ ಕೊಡ್ರೇ" ಅನ್ನುತ್ತಿದ್ದರು, ನಾವು ಮಕ್ಕಳು ಹೊದಿಕೆಯೊಳಗೇ ಕಿಸಕ್ಕನೆ ನಗುತ್ತಿದ್ದೆವು.

ಹಾಗಂತ ಬಿಸಿಲೇ ಇರಲಿಲ್ಲ ಎಂದಲ್ಲ. ನೆನಪಿಗೆ ಸುಳ್ಳು ಸೇರಿಸುವ ಚಾಳಿ ಇದೆ, ಅದಕ್ಕೇ ಹೇಳುತ್ತಿದ್ದೇನೆ. ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ, ತಾರಸಿಯ ಮೇಲೆ ಅರಳು ಸಂಡಿಗೆಗೆ ಕಾಗೆ ಕಾಯುವ ಸರದಿ ಬಂದವರು ಕಾಲು ಸುಟ್ಟುಕೊಂಡು ಕುಣಿಯುತ್ತಲೇ ಇದ್ದರು. ಕೆಳಗೆ ಉಳಿದವರು ಕೆಂಪು ಗಾರೆ ನೆಲದ ಮೇಲೆ ಬರಿಮೈಯಲ್ಲಿ ಬೋರಲು ಮಲಗಿ, ಮೈ ತಾಗಿದಲ್ಲಿ ನೆಲ ಬೆಚ್ಚಗಾದ ಕೂಡಲೇ ಒಂದು ಗೇಣು ಆಚೆ ಉರುಳಿ, ಅಲ್ಲಿಯ ತಂಪು ಮುಗಿದರೆ ಮತ್ತೊಂದು ಗೇಣು ಉರುಳಿ, ಕೊನೆಗೆ ಪಕ್ಕದವನ ಜಾಗಕ್ಕೆ ನುಗ್ಗಿ ಜಗಳ ತೆಗೆದು, ಅಜ್ಜಿಯ ಬೀಸಣಿಗೆಯ ಹಿಡಿಯಿಂದ ಒಂದೊಂದು ಏಟು ತಿನ್ನುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಸಂಜೆ ಅಂಗಳಕ್ಕೆ ನೀರು ಚಿಮುಕಿಸುವ ಕೆಲಸ ಹುಡುಗರದ್ದು, ರಂಗೋಲಿ ಹುಡುಗಿಯರದ್ದು. ಮಣ್ಣಿನ ಘಮಲು ಏಳುವ ಹೊತ್ತಿಗೆ ಕೆಂಪಾಂಬುಧಿ ಕೆರೆಯ ಕಡೆಯಿಂದ ಗಾಳಿ ತಿರುಗುತ್ತಿತ್ತು. ಆಮೇಲೆ ಬಿಸಿಲೂ ಸೂರ್ಯನ ಜೊತೆಗೇ ಮನೆಗೆ ಹೋಗಿಬಿಡುತ್ತಿತ್ತು, ಬೆಳಗಿನವರೆಗೆ ಅದರ ಸುದ್ದಿ ಇಲ್ಲ.

ಮೂರು ದಿನ ಮೈ ಅಂಟುವಷ್ಟು ಸೆಕೆಯಾದರೆ ನಾಲ್ಕನೇ ದಿನ ಭರಣಿ ಮಳೆ ಗುಡುಗಿಕೊಂಡು ಬರಲೇಬೇಕು, ಇದು ವಠಾರದ ಲೆಕ್ಕ. ಆಲಿಕಲ್ಲು ಹೆಂಚಿನ ಮೇಲೆ ತಟತಟ ಬಿದ್ದರೆ ಹಿತ್ತಾಳೆ ತಟ್ಟೆ ಹಿಡಿದು ಓಡುತ್ತಿದ್ದೆವು. ಬಾಯಿಗೆ ಹಾಕಿಕೊಂಡರೆ ಅದಕ್ಕೆ ಹೆಂಚಿನ ಧೂಳಿನ ರುಚಿ.

ಚಳಿಗಾಲದ ಮಾತೇ ಬೇರೆ. ಧನುರ್ಮಾಸದಲ್ಲಿ ಅಜ್ಜಿ ಕತ್ತಲಿರುವಾಗಲೇ ಎದ್ದು ಬಚ್ಚಲೊಲೆಗೆ ತೆಂಗಿನ ಸೋಗೆ ತುರುಕಿದರೆ, ತಾಮ್ರದ ಹಂಡೆ ಕೊರಗುಟ್ಟುವ ಸದ್ದು, ಸೋಗೆಯ ಹೊಗೆ, ಹುಗ್ಗಿಯ ಮೆಣಸು, ಇಷ್ಟೂ ಒಟ್ಟಿಗೆ ಕಂಬಳಿಯೊಳಕ್ಕೆ ಬರುತ್ತಿದ್ದವು. ಸ್ನಾನ ಮಾಡಿದವರು ಬಚ್ಚಲು ಬಿಟ್ಟು ಬರದೆ ಒಲೆಯ ಬಾಯಿಗೆ ಬೆನ್ನು ಕೊಟ್ಟು ನಿಂತರೆ, ಹೊರಗೆ ಸಾಲು ನಿಂತವರು ಬಾಗಿಲು ಗುದ್ದುತ್ತಿದ್ದರು. ವಠಾರದಲ್ಲಿ ಥರ್ಮಾಮೀಟರ್ ಇದ್ದದ್ದು ಜ್ವರಕ್ಕೆ ಮಾತ್ರ. ಚಳಿಯನ್ನು ಅಳೆಯುತ್ತಿದ್ದದ್ದು ಅಡುಗೆಮನೆ. ಕೊಬ್ಬರಿ ಎಣ್ಣೆ ಶೀಶೆಯೊಳಗೆ ಬೆಳ್ಳಗೆ ಹೆಪ್ಪುಗಟ್ಟಿ, ಅಕ್ಕಂದಿರು ಜಡೆ ಹಾಕಿಕೊಳ್ಳುವ ಮುಂಚೆ ಅದಕ್ಕೆ ಪೊರಕೆ ಕಡ್ಡಿ ಚುಚ್ಚಿ ಕೆದಕಬೇಕಿತ್ತು, ಇಲ್ಲವೇ ಒಲೆಕಟ್ಟೆಯ ಮೇಲಿಟ್ಟು ಕರಗುವವರೆಗೆ ಕಾಯಬೇಕಿತ್ತು. ದೋಸೆ ಹಿಟ್ಟು ಎರಡು ರಾತ್ರಿಯಾದರೂ ಉಬ್ಬುತ್ತಿರಲಿಲ್ಲ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗದೆ ಲೋಳೆ ಲೋಳೆಯಾಗಿ, ಅಮ್ಮ ಪಾತ್ರೆಗೆ ಹಳೆಯ ಶಾಲು ಸುತ್ತಿ ಅಕ್ಕಿ ಡಬ್ಬದೊಳಗೆ ಮಲಗಿಸುತ್ತಿದ್ದಳು. ಇಷ್ಟು ಚಳಿ ಬಿದ್ದರೆ ಅವರೆಕಾಯಿಗೆ ಸೊಗಡು ಹತ್ತಿತು ಅಂತ ಅರ್ಥ. ಜಗಲಿಯಲ್ಲಿ ವಠಾರವೆಲ್ಲ ಸೇರಿ ಸುಲಿದು, ನೆನೆಸಿ, ಬೇಳೆ ಹಿಸುಕುವಾಗ ಅದು ಚಿಮ್ಮಿ ಎದುರಿನವರ ಕಣ್ಣಿಗೆ ಬೀಳುವಂತೆ ಗುರಿಯಿಡುವುದರಲ್ಲಿ ಚಿಕ್ಕಪ್ಪನನ್ನು ಮೀರಿಸಿದವರಿಲ್ಲ.

ಈ ಊರಲ್ಲಿ 1884ರ ಜನವರಿಯಲ್ಲಿ ಒಂದು ಬೆಳಗ್ಗೆ 7.8 ಡಿಗ್ರಿಗೆ ಇಳಿದಿತ್ತಂತೆ. ಅಜ್ಜಿ ಅದನ್ನು ಕೇಳಿದ್ದರೆ ತಾನೇ ನೋಡಿದೆ ಅಂದುಬಿಡುತ್ತಿದ್ದಳು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಆದದ್ದನ್ನು ನಾವೇ ನೋಡಿದೆವು. ನಾವು ಚಡ್ಡಿ ಹಾಕಿಕೊಂಡಿದ್ದಾಗ, 1971ರಲ್ಲಿ, ಬೆಂಗಳೂರಿನ ಜನ ಹದಿನೇಳು ಲಕ್ಷವೂ ಇರಲಿಲ್ಲ. 2011ಕ್ಕೆ 84 ಲಕ್ಷ ದಾಟಿತ್ತು. ಅಷ್ಟು ಜನ ಎಲ್ಲಾದರೂ ಇರಬೇಕಲ್ಲ. ಧರ್ಮಾಂಬುಧಿ ಕೆರೆ ನಾವು ಕಣ್ಣು ಬಿಡುವ ಮೊದಲೇ ಒಣಗಿತ್ತು, ಅಲ್ಲೇ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಎದ್ದಿತು. ಸಂಪಂಗಿ ಕೆರೆಯಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಎಂಬತ್ತರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಊರಿಗೆಲ್ಲ ಲಕ್ಷಗಟ್ಟಲೆ ಸಸಿ ನೆಡಿಸಿದಾಗ ನಮ್ಮ ಬೀದಿಗೂ ಒಂದಿಷ್ಟು ಹೊಂಗೆ ಬಂದವು. ಯುಗಾದಿ ಹೊತ್ತಿಗೆ ಹೂವುದುರಿ ಸೈಕಲ್ ಚಕ್ರ ಜಾರುತ್ತಿತ್ತು. ರಸ್ತೆ ಅಗಲವಾದ ವರ್ಷ ಒಂದು ಬದಿಯವು ಪೂರ್ತಿ ಹೋದವು.

ವಠಾರವಿದ್ದ ಜಾಗದಲ್ಲಿ ಈಗ ಐದಂತಸ್ತು. ಮೂರನೆಯದರಲ್ಲಿ ಚಿಕ್ಕಪ್ಪನ ಮಗ ಇದ್ದಾನೆ. ಹೋದ ಮೇ ತಿಂಗಳು ಅಲ್ಲಿ ಉಳಿದಿದ್ದಾಗ ರಾತ್ರಿ ಹತ್ತಕ್ಕೆ ಪಡುವಣ ಗೋಡೆಗೆ ಅಂಗೈಯಿಟ್ಟು ನೋಡಿದೆ, ಆಗಷ್ಟೇ ಒಲೆಯಿಂದ ಇಳಿಸಿದ ಕಾವಲಿಯಂತಿತ್ತು. ಹಗಲೆಲ್ಲ ಕುಡಿದ ಬಿಸಿಲನ್ನು ಕಾಂಕ್ರೀಟು, ಡಾಂಬರು ರಾತ್ರಿಯಿಡೀ ಕಕ್ಕುತ್ತವೆ. ಬೆವರಿ ತಂಪೆರೆಯುವ ಎಲೆಯಿಲ್ಲ, ಆವಿಯಾಗುವ ನೀರಿಲ್ಲ. ಅದರ ಮೇಲೆ ಎದುರುಮನೆಯವರ ಎ.ಸಿ. ಅವರ ಕೋಣೆಯ ಸೆಕೆಯನ್ನು ಇವನ ಕಿಟಕಿಗೆ ಊದುತ್ತದೆ, ಇವನದು ಅವರ ಕಿಟಕಿಗೆ. ಹಗಲಿನ ಬಿಸಿಲಾದರೂ ಸರಿ, ಅದು ನಮಗೆ ಗೊತ್ತಿದ್ದದ್ದೇ. ರಾತ್ರಿ ಎರಡಕ್ಕೆ ಎದ್ದು ದಿಂಬು ಮಗುಚುವುದು ನಮ್ಮ ಊರಿನ ಅಭ್ಯಾಸವಲ್ಲ.

ವಠಾರದ ಮಕ್ಕಳೆಲ್ಲ ಈಗ ಊರಿನ ಮೂಲೆಮೂಲೆಗೆ ಚೆದುರಿ, ವಾಟ್ಸಾಪ್‌ನಲ್ಲಿ ಒಂದೇ ಜಗಲಿ. ಅಲ್ಲಿ ಸೆಕೆಯದ್ದೂ ಒಂದು ಪೈಪೋಟಿ: ವೈಟ್‌ಫೀಲ್ಡಿನವಳಿಗೆ ನಿದ್ದೆಯಿಲ್ಲ, ಯಲಹಂಕದ ಈಚೆ ಕೃಷಿ ವಿಶ್ವವಿದ್ಯಾಲಯದ ಮರಗಳ ಪಕ್ಕ ಮನೆ ಮಾಡಿದವನಿಗೆ ಇಡೀ ವರ್ಷ ಗರ್ವ. ಕಳೆದ ಜನವರಿಯಲ್ಲಿ ಅವನು ಬೆಳ್ಳಂಬೆಳಗ್ಗೆ, ಕಲ್ಲಿನ ಹಾಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ ಶೀಶೆಯ ಫೋಟೋ ಹಾಕಿದ. ಜಯನಗರದ ಅಕ್ಕ ತಕ್ಷಣ ಬರೆದಳು: "ಫ್ರಿಜ್ಜಿಂದ ಎಷ್ಟೊತ್ತಿಗೆ ತೆಗ್ದೆ, ನಿಜ ಹೇಳು."