ಕಾಲುಪೆಟ್ಟಿಗೆಯ ಉಸಿರು

ವಾದ್ಯಗಳಿಗೂ ಮುಪ್ಪು ಬರುತ್ತದೆ. ಆದರೆ ಆ ಮುಪ್ಪು ಕಂಠದಿಂದ ಮೊದಲಾಗುವುದು ಅಪರೂಪ. ಕೇಳುವವರ ಕಣ್ಣಿಗೆ ಬೀಳದ ಕೀಲು, ತೊಗಲು, ತಂತಿಗಳಲ್ಲಿ ಅದು ಮೊದಲು ಮನೆಮಾಡುತ್ತದೆ. ಧಾರವಾಡ ಸೀಮೆಯ ನಾಟಕಗಳಿಗೆ ಬಹುಕಾಲ ಉಸಿರಾಗಿದ್ದ ಕಾಲುಪೆಟ್ಟಿಗೆಯೇ ಇದಕ್ಕೆ ಸಾಕ್ಷಿ.

ಹಾರ್ಮೋನಿಯಂ ಪರದೇಶದಿಂದ ಬಂದ ವಾದ್ಯ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬ್ಯಾಂ ಎಂಬಾತನು ಆ ಹೆಸರಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. 1875ರಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರು ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯನ್ನು ರೂಪಿಸಿದರು. ಅದರ ಸ್ವರಗಳು ನಮ್ಮ ಸಂಗೀತದ ಸೂಕ್ಷ್ಮತೆಗೆ ಒಗ್ಗವೆಂದು ಆಕಾಶವಾಣಿಯು 1940ರಲ್ಲಿ ಅದನ್ನು ದೂರವಿಟ್ಟಿತು; 1971ರಲ್ಲಿ ಕಟ್ಟುಪಾಡುಗಳೊಡನೆ ಮರಳಿ ಸೇರಿಸಿಕೊಂಡಿತು. ಆದರೆ ಹಳ್ಳಿಯ ರಂಗಸ್ಥಳ ಅದನ್ನು ಎಂದೂ ಹೊರಗಿಡಲಿಲ್ಲ. ಸವಾಯಿ ಗಂಧರ್ವರು ಬಾಳಿದ ಕುಂದಗೋಳ, ಎರೆಹೊಲಗಳ ನವಲಗುಂದ, ಅಣ್ಣಿಗೇರಿ, ಮಲೆನಾಡಿನ ಸೆರಗಿನ ಕಲಘಟಗಿ ಇವುಗಳ ಸುತ್ತಿನ ಊರುಗಳಲ್ಲಿ ಜಾತ್ರೆಯ ನಾಟಕವೆಂದರೆ ಕಾಲುಪೆಟ್ಟಿಗೆಯ ಮಾಸ್ತರರು ಬರಲೇಬೇಕಾಗಿತ್ತು. ಗಾಳಿ ಹಾಕುವ ಕೆಲಸವನ್ನು ಕಾಲುಗಳು ವಹಿಸಿಕೊಂಡುದರಿಂದ ಎರಡು ಕೈಗಳೂ ನುಡಿಸಲು ಬಿಡುವಾಗಿರುತ್ತಿದ್ದವು. ದನಿಯೂ ದೊಡ್ಡದು, ಬಯಲಿನ ಕೊನೆಯ ಸಾಲಿಗೂ ಮುಟ್ಟುತ್ತಿತ್ತು.

ರಾತ್ರಿಯಿಡೀ ತುಳಿತ ತಿಂದ ವಾದ್ಯ ಸವೆಯದೆ ಇದ್ದೀತೆ? ಮೆಟ್ಟುಗೆಯನ್ನು ತಿದಿಗೆ ಬಿಗಿದ ಪಟ್ಟಿ ಹರಿಯುತ್ತದೆ. ಕೀಲಿನ ತೂತು ಅಗಲವಾಗಿ ಮೆಟ್ಟುಗೆ ಲಟಲಟಿಸುತ್ತದೆ. ತಿದಿಯ ಮಡಿಕೆ ಬಿರಿದು ಗಾಳಿ ಸೋರುತ್ತದೆ. ಮನೆಯ ಕೆಳಗಿನ ತಂತಿಯ ಸ್ಪ್ರಿಂಗು ಸೋತರೆ ಒತ್ತದಿದ್ದರೂ ಸ್ವರ ಕೂಗತೊಡಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಮನೆಗಳು ಸಿಕ್ಕಿಕೊಳ್ಳುತ್ತವೆ. ಬೇಸಗೆಯಲ್ಲಿ ಎರೆಮಣ್ಣಿನ ಧೂಳು ಒಳಗಿಳಿದು ಸ್ವರವನ್ನೇ ಕಟ್ಟಿಹಾಕುತ್ತದೆ.

ಬಲ್ಲ ದುರಸ್ತಿಗಾರನು ಒಮ್ಮೆಲೆ ಪೆಟ್ಟಿಗೆಯನ್ನು ಬಿಚ್ಚುವುದಿಲ್ಲ. ಯಾವ ಮನೆಯನ್ನೂ ಒತ್ತದೆ ತಿದಿಯನ್ನು ತುಂಬಿಸಿ ಸುಮ್ಮನೆ ನೋಡುತ್ತಾನೆ. ತುಂಬಿದ ತಿದಿ ಬೇಗ ಕುಸಿದರೆ ಗಾಳಿ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ಕಿವಿಯಿಟ್ಟು ಆ ಜಾಗವನ್ನು ಹುಡುಕಿ, ತೆಳುವಾದ ತೊಗಲನ್ನು ಅಂಟಿಸುತ್ತಾನೆ. ಅಗಲವಾದ ಕೀಲಿನ ತೂತಿಗೆ ಗಟ್ಟಿಮರದ ತುಂಡನ್ನು ಬಡಿದು ಹೊಸದಾಗಿ ಕೊರೆಯುತ್ತಾನೆ. ಇವೆಲ್ಲ ಕೈಯ ಕೆಲಸ. ಕಿವಿಯ ಕೆಲಸ ಬರುವುದು ರೀಡು ಎಂಬ ಹಿತ್ತಾಳೆಯ ತೆಳುನಾಲಗೆಯಲ್ಲಿ. ಅದರ ತುದಿಯನ್ನು ಕೆರೆದರೆ ಸ್ವರ ಏರುತ್ತದೆ. ಬುಡವನ್ನು ಕೆರೆದರೆ ಇಳಿಯುತ್ತದೆ. ಕೆರೆದ ಹಿತ್ತಾಳೆಯನ್ನು ಮರಳಿ ಅಂಟಿಸಲು ಬಾರದು. ಆದುದರಿಂದ ಅವನು ಒಂದೆಳೆ ಕೆರೆಯುತ್ತಾನೆ, ಕೇಳುತ್ತಾನೆ. ಮತ್ತೊಂದೆಳೆ ಕೆರೆಯುತ್ತಾನೆ, ಮತ್ತೆ ಕೇಳುತ್ತಾನೆ. ಅವಸರಪಟ್ಟವನ ಕೈಯಲ್ಲಿ ಆ ನಾಲಗೆ ಮುರಿದೇಹೋಗುತ್ತದೆ.

ಇಂದು ಅನೇಕ ಕಡೆ ವಿದ್ಯುತ್ ಕೀಬೋರ್ಡು ಈ ವಾದ್ಯದ ಸ್ಥಾನಕ್ಕೆ ಬಂದಿದೆ. ಅದು ಹಗುರ, ಸಾಗಿಸಲು ಸುಲಭ; ಅದನ್ನು ಹಳಿಯಬೇಕಾದುದಿಲ್ಲ. ಆದರೆ ಮೂಲೆಗೆ ಸೇರಿದ ಎಷ್ಟೋ ಕಾಲುಪೆಟ್ಟಿಗೆಗಳು ಸತ್ತುಹೋದವಲ್ಲ. ಅವುಗಳ ರೀಡುಗಳು ಇನ್ನೂ ಗಟ್ಟಿಯಾಗಿರಬಹುದು; ಇಲಿ ಕಡಿದ ಒಂದು ಗೇಣು ತೊಗಲಿಗಾಗಿ ಇಡೀ ವಾದ್ಯವನ್ನು ಸೌದೆಗೆ ಹಾಕುವವರೂ ಉಂಟು. ಕೆಟ್ಟುದು ಯಾವುದು, ಉಳಿದುದು ಯಾವುದು ಎಂದು ನೋಡದೆ ಎಲ್ಲವನ್ನೂ ಎಸೆಯುವುದು ಬಡತನಕ್ಕಿಂತ ದೊಡ್ಡ ನಷ್ಟ.

ನಾಟಕ ಮುಗಿದಾಗ ಚಪ್ಪಾಳೆ ನಟನಿಗೆ ಸಲ್ಲುತ್ತದೆ. ಒಂದು ಪಾಲು ಮಾಸ್ತರರಿಗೂ ಸಲ್ಲಬಹುದು. ಮೆಟ್ಟುಗೆಯ ಪಟ್ಟಿಯನ್ನು ಯಾರೂ ನೆನೆಯುವುದಿಲ್ಲ. ಆದರೂ ನಡುರಾತ್ರಿಯಲ್ಲಿ ಅದು ಹರಿದರೆ ಹಾಡು ಅಲ್ಲಿಯೇ ನಿಲ್ಲುತ್ತದೆ. ದುರಸ್ತಿಗಾರನು ಮೊದಲು ಮುಟ್ಟಿ ನೋಡುವುದು ಅದನ್ನೇ.