ಲಕೋಟೆಯ ಮೇಲಿನ ಬರಹ

ಆವಕ-ಜಾವಕದ ಮೇಜಿನ ಮುಂದೆ ಹನ್ನೊಂದು ವರುಷ ಕುಳಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಕಾಗದ ಓದುವ ಮುಂಚೆ ಲಕೋಟೆ ಓದುವುದು. ಪುಣೆಯ ನಮ್ಮ ಕಚೇರಿಗೆ ಹಿಂದಿಯಲ್ಲೂ ಮರಾಠಿಯಲ್ಲೂ ಟಪಾಲು ಬರುತ್ತದೆ. ಲಿಪಿ ಒಂದೇ. 'ಶಿಕ್ಷಾ' ಎಂದರೆ ಹಿಂದಿಯಲ್ಲಿ ವಿದ್ಯೆ, ಮರಾಠಿಯಲ್ಲಿ ದಂಡನೆ! ಎಲ್ಲಿಂದ ಬಂತೆಂದು ನೋಡದೆ ಓದಿದವನ ಪಾಡು ಹೇಳಬೇಕೆ?

ತೀರಿಹೋದ ನಮ್ಮ ತಂದೆಯವರ ಪ್ರಬಂಧಗಳು ಒಂದು ಜಾಲತಾಣದಲ್ಲಿದ್ದವು. ಅದು ಮುಚ್ಚಲಿದೆಯೆಂದು ತಿಳಿದಾಗ, ಅವನ್ನು ಇಳಿಸಿಕೊಳ್ಳಲು ಪೈಥಾನಿನಲ್ಲಿ ಪುಟ್ಟ ಪ್ರೋಗ್ರಾಮು ಬರೆದೆ. ಪರದೆಯ ಮೇಲೆ ಬಂದುದು ಕನ್ನಡವಲ್ಲ, ತಲೆಯ ಮೇಲೆ ಓರೆಗೀಟು ಹೊತ್ತ ರೋಮನ್ 'ಎ'ಗಳ ದಂಡು. ತಾಯಿಯವರು ಕನ್ನಡಕ ಏರಿಸಿ ನೋಡಿ, "ಏನಪಾ ಇದು? ಅವರು ಬರೆದದ್ದೆಲ್ಲಾ ಹಾಳಾತೇನು?" ಎಂದರು.

ಹಾಳಾಗಿರಲಿಲ್ಲ. ಸರ್ವರು ಕಳಿಸುವುದು ಅಕ್ಷರಗಳನ್ನಲ್ಲ, ಬೈಟುಗಳೆಂಬ ಅಂಕಿಗಳನ್ನು. ಯು.ಟಿ.ಎಫ್.-8 ಪದ್ಧತಿಯಲ್ಲಿ ನಮ್ಮ 'ಕ' ಎಂದರೆ 224, 178, 149 ಎಂಬ ಮೂರು ಬೈಟು. 'ಕನ್ನಡ' ಎಂಬುದಕ್ಕೆ ಒತ್ತಿನ ಗುರುತೂ ಸೇರಿ 15. ಅವನ್ನು ಯಾವ ಪದ್ಧತಿಯಲ್ಲಿ ಓದಬೇಕೆಂಬುದನ್ನು ಸರ್ವರು ಉತ್ತರದ ಲಕೋಟೆಯ ಮೇಲೆ, 'ಕಂಟೆಂಟ್-ಟೈಪ್' ಎಂಬ ಸಾಲಿನಲ್ಲಿ ತಿಳಿಸಬೇಕು. ಈ ಸರ್ವರು 'ಇದು ಎಚ್.ಟಿ.ಎಂ.ಎಲ್.' ಎಂದಷ್ಟೇ ಹೇಳಿ ಸುಮ್ಮನಾಗಿತ್ತು. ಹೇಳದಿದ್ದರೆ ಪಶ್ಚಿಮ ಯುರೋಪಿನ ಲ್ಯಾಟಿನ್-1 ಎಂದು ತಿಳಿಯತಕ್ಕದ್ದು ಎಂಬುದು 1999ರ ಎಚ್.ಟಿ.ಟಿ.ಪಿ. ನಿಯಮ. 2014ರಲ್ಲಿ ಅದನ್ನು ತೆಗೆದುಹಾಕಿದರು. ನಾನು ಬಳಸಿದ 'ರಿಕ್ವೆಸ್ಟ್ಸ್' ಎಂಬ ಸಲಕರಣೆ ಮಾತ್ರ ಇಂದಿಗೂ ಅದನ್ನೇ ನಡೆಸಿಕೊಂಡು ಬಂದಿದೆ. ಸುತ್ತೋಲೆ ರದ್ದಾದರೂ ಪದ್ಧತಿ ಬಿಡದ ಕಚೇರಿಗಳನ್ನು ನಾವು ಕಂಡಿಲ್ಲವೇ!

ಲಕೋಟೆ ಮೌನವಾದರೆ ಕಾಗದದ ಒಳಗೆ ನೋಡಬೇಕು. ಪುಟದ ಆರಂಭದ 'ಮೆಟಾ' ಗುರುತಿನಲ್ಲಿ ಯು.ಟಿ.ಎಫ್.-8 ಎಂದು ಸ್ಪಷ್ಟವಾಗಿ ಬರೆದಿತ್ತು. ಉತ್ತರದ 'ಎನ್‌ಕೋಡಿಂಗ್' ಅದೇ ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ತಂದೆಯವರ ವಾಕ್ಯ ಎದ್ದು ನಿಂತಿತು.

ಇಷ್ಟರಲ್ಲಿ ಒಂದು ಅಪಾಯವಿದೆ. ಲ್ಯಾಟಿನ್-1ರಲ್ಲಿ ಪ್ರತಿ ಬೈಟಿಗೂ ಒಂದೊಂದು ಸ್ಥಾನವಿರುವುದರಿಂದ, ಅದರಲ್ಲಿ ತಪ್ಪಾಗಿ ಓದಿದ್ದನ್ನು ಮತ್ತೆ ಬೈಟುಗಳಿಗೆ ತಿರುಗಿಸಿ ಸರಿಯಾಗಿ ಓದಬಹುದು. ಆದರೆ ತಿಳಿಯದ ಬೈಟಿದ್ದಲ್ಲೆಲ್ಲ ಪ್ರಶ್ನಾರ್ಥಕ ಹಾಕೆಂದು ಅಪ್ಪಣೆ ಕೊಟ್ಟು ಉಳಿಸಿದರೆ ಮುಗಿಯಿತು, ಯಾವ ಪಂಡಿತನೂ ಅದರಿಂದ ಮೂಲವನ್ನು ತೆಗೆಯಲಾರ. ಅದಕ್ಕೆಂದೇ ಬಂದ ಬೈಟುಗಳನ್ನೆಲ್ಲ ಮೊದಲು ಇದ್ದಂತೆಯೇ ಕಡತದಲ್ಲಿಟ್ಟೆ. ಓದುವ ಕೆಲಸ ಆಮೇಲೆ.

ಮೂವತ್ತೊಂದು ಪ್ರಬಂಧಗಳೂ ಸಿಕ್ಕವು. ಮುಂದಿನ ತಿಂಗಳು ತಾಣ ಮುಚ್ಚಿತು. ಟೈಪು ಮಾಡಿದವರ ಕಾಗುಣಿತವನ್ನು ತಾಯಿಯವರು ಈಗ ಪೆನ್ಸಿಲಿನಿಂದ ತಿದ್ದುತ್ತಿದ್ದಾರೆ.