ನೀರು ಕಟ್ಟಿದ ಗವಿ

ಹಾಸನ ಸೀಮೆಯ ದಂಡಿಗನಹಳ್ಳಿ ಕಡೆಯವರಾದ ನಮಗೆ ಗವಿ ಎಂದೊಡನೆ ನೆನಪಾಗುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟ. ಬರಗಾಲ ಬಂದಾಗ ಉತ್ತರದಿಂದ ಸಂಘದೊಡನೆ ಬಂದ ಭದ್ರಬಾಹು ಮುನಿಗಳು ಅಲ್ಲಿನ ಗವಿಯಲ್ಲೇ ಸಲ್ಲೇಖನದಿಂದ ದೇಹ ಬಿಟ್ಟರು, ಚಂದ್ರಗುಪ್ತ ಮೌರ್ಯ ಕೊನೆಯವರೆಗೂ ಗುರುವಿನ ಸೇವೆಗೆ ನಿಂತ ಎಂಬುದು ಜೈನ ಪರಂಪರೆಯ ನಂಬಿಕೆ. ಆ ಗವಿಯಲ್ಲಿ ಪೂಜೆ ಸಲ್ಲುವುದು ಭದ್ರಬಾಹುಗಳ ಪಾದಗಳಿಗೆ. ತಲೆ ಬಾಗಿಸದೆ ಒಳಗೆ ಹೋಗಲಾಗದು.

ನಮ್ಮ ಸೀಮೆಯಲ್ಲಿ ಬೆಟ್ಟಗಳಿಗೆ ಕೊರತೆಯಿಲ್ಲ, ಆದರೆ ಮೈಲಿಗಟ್ಟಲೆ ಒಳಗೆ ಸಾಗುವ ಗವಿಗಳಿಲ್ಲ. ನಮ್ಮದು ಗಟ್ಟಿ ಕಲ್ಲಿನ ನಾಡು. ಗೊರೂರಿನ ಸುತ್ತಮುತ್ತಲ ನೈಸ್ ಶಿಲೆಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಮಳೆ ಅದನ್ನು ಸವೆಸುತ್ತದೆ, ಬಿಸಿಲು ಸೀಳುತ್ತದೆ. ಕರಗಿಸುವುದು ಮಾತ್ರ ಅವುಗಳ ಕೈಲಾಗದು. ನಮ್ಮ ಗವಿಗಳು ಹೆಚ್ಚಾಗಿ ಬಂಡೆ ಬಂಡೆಗೆ ಆತುಕೊಂಡು ಉಳಿದ ಸಂದುಗಳು.

ಕರಗುವ ಕಲ್ಲಿನ ಗವಿಯನ್ನು ನಾನು ಕಂಡದ್ದು ಅಂಡಮಾನಿನ ಬಾರಾಟಾಂಗ್ ದ್ವೀಪದಲ್ಲಿ. ಪೋರ್ಟ್ ಬ್ಲೇರಿನಿಂದ ಸುಮಾರು 100 ಕಿಲೋಮೀಟರ್. ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಗಾಡಿಗಳನ್ನೆಲ್ಲ ಸಾಲುಗೂಡಿಸಿ ಕಾಡಿನೊಳಕ್ಕೆ ಬಿಡುತ್ತಾರೆ. ಅದು ಜಾರವಾ ಜನರ ಕಾಡು. ಅವರು ಕೆಲವೇ ನೂರು ಮಂದಿ. ಅವರ ರಕ್ಷಣೆಗೆ 1956ರಿಂದ ಕಾನೂನಿದೆ. ದಾರಿಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ತಿನ್ನಲು ಏನನ್ನೂ ಕೊಡುವಂತಿಲ್ಲ. ಇನ್ನೊಬ್ಬರ ಮನೆಯಂಗಳ ಹಾದು ಹೋಗುವಾಗ ಇಷ್ಟು ಮರ್ಯಾದೆ ನ್ಯಾಯವೇ.

ಆಮೇಲೆ ದೋಣಿ. ಎರಡೂ ದಡದ ಮ್ಯಾಂಗ್ರೋವ್ ಮರಗಳು ಬೇರುಗಳನ್ನು ಉಪ್ಪುನೀರಿಗೆ ಇಳಿಬಿಟ್ಟು ನಿಂತಿವೆ. ಕಾಲುವೆ ಕಿರಿದಾಗುತ್ತಾ ಬಂದು, ಕೊನೆಗೆ ಕೊಂಬೆಗಳು ನೆತ್ತಿಯ ಮೇಲೆ ಕೂಡಿಕೊಳ್ಳುತ್ತವೆ. ದೋಣಿ ಇಳಿದು ಒಂದು ಕಿಲೋಮೀಟರಿಗೂ ಹೆಚ್ಚು ನಡೆದರೆ ಗವಿಯ ಬಾಯಿ.

ಒಳಗೆ ಕತ್ತಲು, ತಣ್ಣನೆ ಕಲ್ಲು, ತೊಟ್ಟಿಕ್ಕುವ ಸದ್ದು. ಗೈಡ್ ಟಾರ್ಚ್ ಹಾಕಿದ ಕಡೆ ಸುಣ್ಣದ ಕಲ್ಲು ಜೋಲುಬಿದ್ದಿತ್ತು, ಮಡಿಕೆಮಡಿಕೆಯಾಗಿ ಇಳಿದಿತ್ತು. ಈ ಕಲ್ಲು ಹುಟ್ಟಿದ್ದು ಸಮುದ್ರದ ತಳದಲ್ಲಿ, ಜಲಜೀವಿಗಳ ಚಿಪ್ಪು ಮತ್ತು ಅಸ್ಥಿಯಿಂದ. ಭೂಮಿಯ ಒತ್ತಡಕ್ಕೆ ಅದು ಮೇಲೆದ್ದು ನೆಲವಾಯಿತು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ, ಬಿರುಕುಗಳಲ್ಲಿ ಇಳಿಯುತ್ತಾ ಸುಣ್ಣವನ್ನು ಕರಗಿಸುತ್ತದೆ. ಗವಿಯ ಗಾಳಿಗೆ ಬಂದಾಗ ಆ ಅನಿಲ ಹಾರಿಹೋಗಿ ಸುಣ್ಣ ಅಲ್ಲೇ ಉಳಿಯುತ್ತದೆ. ನಮ್ಮೂರ ಕಡೆ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯೊಳಗೆ ಬಿಳಿ ಪದರ ಕೂರುವುದೂ ಹೀಗೆಯೇ. ಹಂಡೆಯಲ್ಲಿ ಅದು ತಿಂಗಳುಗಳ ಮಾತು. ಗವಿಯಲ್ಲಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಬೆಳೆದರೂ ಸಾಮಾನ್ಯ ಬೆಳವಣಿಗೆಯೇ. ಮೇಲಿನಿಂದ ಒಂದು ಕಂಬ ಇಳಿಯುತ್ತದೆ, ಹನಿ ಬಿದ್ದಲ್ಲಿಂದ ಇನ್ನೊಂದು ಏಳುತ್ತದೆ. ಎರಡೂ ಕೂಡುವ ಹೊತ್ತಿಗೆ ಎಷ್ಟೋ ರಾಜ್ಯಗಳು ಹುಟ್ಟಿ ಅಳಿದಿರುತ್ತವೆ.

ನನ್ನ ಜೊತೆ ಬಂದಿದ್ದ ಅಮ್ಮ ಗವಿಯ ಬಾಯಲ್ಲೇ ಚಪ್ಪಲಿ ಬಿಟ್ಟಿದ್ದರು.

"ಇಲ್ಲಿ ದೇವ್ರಿಲ್ಲ ಕಣಮ್ಮ, ಕಲ್ಲು ಜಾರುತ್ತೆ, ಹಾಕ್ಕೊ."

"ಗವಿ ಅಂದ್ಮೇಲೆ ಗವಿನೇ ಕಣ್ಮಗ. ಬೆಳಗೊಳದಲ್ಲಿ ಬಿಡಲ್ವಾ?"

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಗೆ ಎಲ್ಲೂ ಕೈ ತಾಗಿಸದೆ ನನ್ನ ತೋಳು ಹಿಡಿದು ನಡೆದರು. ನಮ್ಮ ಹಿಂದೆ ಬಂದವರೋ ಜೋತುಬಿದ್ದ ಕಲ್ಲನ್ನೆಲ್ಲ ಸವರಿ, ತಟ್ಟಿ ನೋಡುತ್ತಿದ್ದರು. ಬೆರಳಿನ ಜಿಡ್ಡು ಅಂಟಿದರೆ ಅಲ್ಲಿ ಸುಣ್ಣ ಕೂರುವುದು ಕೆಡುತ್ತದೆ, ಕಲ್ಲು ಕಪ್ಪಾಗುತ್ತದೆ. ಅಷ್ಟು ಕಾಲದ ಬೆಳವಣಿಗೆಯನ್ನು ಕೆಡಿಸಲು ಒಂದು ಕೈ ಸಾಕು.

ಇದರ ವಿಜ್ಞಾನ ಅಮ್ಮನಿಗೆ ಗೊತ್ತಿರಲಿಲ್ಲ. ಆದರೂ ವಿಜ್ಞಾನ ಕೇಳುವ ನಡತೆ ಅವರಿಗೆ ಚಿಕ್ಕಬೆಟ್ಟದಿಂದಲೇ ಬಂದಿತ್ತು. ಪಾದಗಳಿರುವ ಗವಿಯಲ್ಲಿ ತಲೆ ಬಾಗಿಸಿದವರಿಗೆ, ಯಾವ ಗುರುತೂ ಇಲ್ಲದ ಗವಿಯಲ್ಲಿ ಬಾಗುವುದು ಕಷ್ಟವಾಗಬಾರದು. ಮನುಷ್ಯರ ತಪಸ್ಸಿಗೆ ಕೈ ಮುಗಿಯುವ ನಾವು ನೀರಿನ ತಪಸ್ಸಿಗೂ ಮುಗಿಯೋಣ. ಅಂಡಮಾನಿಗಾಗಲಿ, ನಮ್ಮದೇ ದಾಂಡೇಲಿ ಕಾಡಿನ ಕವಳಾ ಗವಿಗಾಗಲಿ ಹೋಗುವವರು ಕಣ್ತುಂಬ ನೋಡಿ, ಮಕ್ಕಳಿಗೂ ತೋರಿಸಿ. ಕೈ ಮಾತ್ರ ನಿಮ್ಮ ಬಳಿಯೇ ಇರಲಿ.